ಪ್ರವಾಸದ ಯೋಜನೆ: ಬುಖಾರಾದಲ್ಲಿ ನಾನು ಕಲಿತದ್ದು

2019ರಲ್ಲಿ ಅಮ್ಮಿಯನ್ನು ಕರೆದುಕೊಂಡು ಉಜ್ಬೇಕಿಸ್ತಾನಕ್ಕೆ ಹೋಗಿದ್ದೆ. ಟ್ರಾವೆಲ್ಸ್‌ನವರ ಸಹಾಯ ಪಡೆಯದೆ ಎಲ್ಲವನ್ನೂ ನಾನೇ ಗೊತ್ತು ಮಾಡಿದ್ದೆ: ತಾಷ್ಕೆಂಟ್, ಸಮರ್ಖಂದ್, ಬುಖಾರಾ, ಕೊನೆಗೆ ಖಿವಾ. ಅಮ್ಮಿಗಿದ್ದ ಆಸೆ ಒಂದೇ, ಇಮಾಮ್ ಬುಖಾರಿ(ರ)ಯವರ ಖಬರಿನ ಝಿಯಾರತ್. ಹೆಸರೇ ಬುಖಾರಿ ಎಂದಮೇಲೆ ಇನ್ನೇನು ನೋಡುವುದೆಂದು ಅದನ್ನು ಬುಖಾರಾದ ದಿನಕ್ಕೆ ಬರೆದುಕೊಂಡೆ.

ಸಮರ್ಖಂದಿನಲ್ಲಿ ಉಲುಗ್ ಬೇಗ್ ಕಟ್ಟಿಸಿದ ಮದರಸಾ, ಅವನ ಖಗೋಳ ವೀಕ್ಷಣಾಲಯ ನೋಡಿ ರೈಲು ಹತ್ತಿದೆವು. ಬುಖಾರಾದ ವಸತಿಗೃಹದ ಯಜಮಾನರನ್ನು ದಾರಿ ಕೇಳಿದರೆ ಅವರು ಬಂದ ದಿಕ್ಕನ್ನೇ ತೋರಿಸಿದರು! ಇಮಾಮರು 810ರಲ್ಲಿ ಹುಟ್ಟಿದ್ದು ಬುಖಾರಾದಲ್ಲಿ. 870ರಲ್ಲಿ ವಫಾತಾದದ್ದು ಸಮರ್ಖಂದಿನ ಬಳಿಯ ಖರ್ತಂಗ್‌ನಲ್ಲಿ. ಖಬರ್ ಇರುವುದೂ ಅಲ್ಲೇ. ಹಿಂದಿನ ದಿನ ಟ್ಯಾಕ್ಸಿಯಲ್ಲಿ ಅರ್ಧ ಗಂಟೆಯ ದಾರಿಯಷ್ಟು ಹತ್ತಿರದಲ್ಲಿದ್ದೆವು. ಅಮ್ಮಿ ಏನೂ ಅನ್ನಲಿಲ್ಲ. ಅದೇ ಹೆಚ್ಚು ಚುಚ್ಚಿತು.

ಈಗ ನಾನು ಯೋಜನೆ ಮಾಡುವುದೇ ಬೇರೆ ರೀತಿ. ನೋಡಲೇಬೇಕಾದ ಪ್ರತಿಯೊಂದು ಜಾಗವನ್ನೂ ಮೊದಲು ನಕ್ಷೆಯಲ್ಲಿ ಗುರುತಿಸುತ್ತೇನೆ, ಊರುಗಳ ಸಾಲನ್ನು ಆಮೇಲೆ ಹಾಕುತ್ತೇನೆ. ಊರು ಬದಲಿಸುವ ದಿನ ಅರ್ಧ ದಿನ ಕಳೆಯಿತೆಂದೇ ಲೆಕ್ಕ. ಅಲ್ಲಿನ ಅಫ್ರೊಸಿಯೋಬ್ ವೇಗದ ರೈಲಿನ ಟಿಕೆಟ್ ಬೇಗ ಮುಗಿಯುವುದರಿಂದ ಮೊದಲು ರೈಲು, ನಂತರ ಕೋಣೆ. ಎಲ್ಲಕ್ಕಿಂತ ಮುಖ್ಯವಾಗಿ, ಒಂದು ದಿನ ಖಾಲಿ ಬಿಡಬೇಕು. ನಾನು ಬಿಟ್ಟಿರಲಿಲ್ಲ. ಹಾಗಾಗಿ ಸುಮಾರು 450 ಕಿ.ಮೀ. ದೂರದ ಖಿವಾವನ್ನೇ ಕೈಬಿಟ್ಟು, ಅಲ್ಲಿನ ಕೋಣೆಗೆ ಕಟ್ಟಿದ್ದ ಹಣವನ್ನೂ ಬಿಟ್ಟು, ಸಮರ್ಖಂದಿಗೆ ಮರಳಿದೆವು.

ಖರ್ತಂಗ್‌ನಲ್ಲಿ ಅಮ್ಮಿ ಬಹಳ ಹೊತ್ತು ದುಆ ಮಾಡಿದರು. ಖಿವಾವನ್ನು ನಾನಿನ್ನೂ ನೋಡಿಲ್ಲ.