ಇಂಗ್ಲೆಂಡಿನ ಜುರಾಸಿಕ್ ತೀರ

ಭೂಮಿಯ ಚರಿತ್ರೆಯನ್ನು ಕಣ್ಣಾರೆ ಕಾಣಬೇಕೆಂಬ ಕುತೂಹಲವುಳ್ಳವರಿಗೆ ಮೊದಲಲ್ಲಿಯೇ ಒಂದು ತೊಡಕು ಎದುರಾಗುತ್ತದೆ. ಹಳೆಯ ಶಿಲಾಪದರಗಳ ಮೇಲೆ ಹೊಸವು ಕುಳಿತಿರುವುದರಿಂದ ಹಿಂದಿನದನ್ನು ನೋಡಬೇಕಾದರೆ ಕೆಳಗಿಳಿಯಬೇಕು. ಸಾವಿರಾರು ಅಡಿ ನೆಲವನ್ನು ಅಗೆಯುವುದು ಯಾರಿಗೆ ಸಾಧ್ಯ? ಆದರೆ ಕೆಲವೆಡೆಗಳಲ್ಲಿ ಪ್ರಕೃತಿಯೇ ಈ ಶ್ರಮವನ್ನು ನಮಗಾಗಿ ವಹಿಸಿಕೊಂಡಿದೆ. ಇಂಗ್ಲೆಂಡಿನ ದಕ್ಷಿಣ ತೀರದಲ್ಲಿ, ಡೆವನ್ ಮತ್ತು ಡಾರ್ಸೆಟ್ ಪ್ರಾಂತಗಳ ಅಂಚಿನಲ್ಲಿ, ಎಕ್ಸ್‌ಮತ್ ಊರಿನ ಬಳಿಯಿಂದ ಸ್ಟಡ್‌ಲಂಡ್ ಗ್ರಾಮದ ಬಳಿಯವರೆಗೆ ಹಬ್ಬಿರುವ ಸುಮಾರು ೯೫ ಮೈಲಿ ಉದ್ದದ ಕಡಲಂಚು ಅಂಥ ಒಂದು ಎಡೆ. ೨೦೦೧ರಲ್ಲಿ ಇದನ್ನು ವಿಶ್ವ ಪರಂಪರೆಯ ತಾಣಗಳ ಪಟ್ಟಿಗೆ ಸೇರಿಸಲಾಯಿತು. ಜನರು ಇದನ್ನು ‘ಜುರಾಸಿಕ್ ತೀರ’ವೆಂದು ಕರೆದರೂ ಇಲ್ಲಿ ಟ್ರಯಾಸಿಕ್, ಜುರಾಸಿಕ್, ಕ್ರಿಟೇಶಿಯಸ್ ಎಂಬ ಮೂರು ಯುಗಗಳ, ಒಟ್ಟು ೧೮.೫ ಕೋಟಿ ವರ್ಷಗಳ ಶಿಲೆಗಳುಂಟು.

ಒಂದರ ಮೇಲೊಂದು ಪೇರಿಸಿದ ಹೋಳಿಗೆಗಳ ರಾಶಿಯನ್ನು ಒಂದು ಕಡೆಗೆ ವಾಲಿಸಿ, ಮೇಲ್ಭಾಗವನ್ನು ಚಾಕುವಿನಿಂದ ಸಮನಾಗಿ ಸವರಿಬಿಟ್ಟರೆ ಪ್ರತಿಯೊಂದು ಹೋಳಿಗೆಯ ಅಂಚೂ ಸಾಲಾಗಿ ಕಾಣುವುದಷ್ಟೆ? ಇಲ್ಲಿ ಆಗಿರುವುದೂ ಅದೇ. ಪದರಗಳೆಲ್ಲ ಪೂರ್ವದ ಕಡೆಗೆ ಮೆಲ್ಲಗೆ ಬಾಗಿವೆ. ಆದುದರಿಂದ ಪಶ್ಚಿಮದಿಂದ ಪೂರ್ವಕ್ಕೆ ನಡೆಯುವವನು, ಅಲ್ಲಲ್ಲಿ ಕೆಲವು ಹೆಜ್ಜೆ ತಪ್ಪಿದರೂ, ಹಳೆಯ ಕಾಲದಿಂದ ಹೊಸ ಕಾಲಕ್ಕೆ ನಡೆಯುತ್ತಾನೆ. ಸವರುವ ಚಾಕು ಸಮುದ್ರ. ಅದರ ಕೆಲಸ ಇನ್ನೂ ಮುಗಿದಿಲ್ಲ. ಈ ತೀರದ ಸೊಬಗಿಗೂ ಅದರ ಪಳೆಯುಳಿಕೆಗಳಿಗೂ ಕಾರಣವಾಗಿರುವುದು ಈ ಸವೆತವೇ. ಅವುಗಳನ್ನು ನಾಶಮಾಡುತ್ತಿರುವುದೂ ಅದೇ.

ಪಶ್ಚಿಮದ ಕೊನೆಯಲ್ಲಿರುವ ಆರ್ಕೂಮ್ ಭೂಶಿರದ ಬಂಡೆಗಳು ಇಟ್ಟಿಗೆಯಂತೆ ಕೆಂಪಾಗಿವೆ. ಟ್ರಯಾಸಿಕ್ ಯುಗದಲ್ಲಿ ಈ ನೆಲ ಬಿಸಿಲು ಸುಡುವ ಮರುಭೂಮಿಯಾಗಿದ್ದಿತು. ಕಬ್ಬಿಣದ ಅಂಶ ಗಾಳಿಗೆ ತುಕ್ಕುಹಿಡಿದುದರ ಗುರುತೇ ಈ ಕೆಂಪು. ಇವು ಇಷ್ಟು ಕೋಟಿ ವರ್ಷ ಹಳೆಯವೆಂದು ಹೇಳುವುದಾದರೂ ಹೇಗೆ? ಭೌತಶಾಸ್ತ್ರ ಇಲ್ಲಿ ಭೂವಿಜ್ಞಾನದ ನೆರವಿಗೆ ಬರುತ್ತದೆ. ಯುರೇನಿಯಂ ೨೩೮ ಎಂಬ ಧಾತು ತನ್ನಷ್ಟಕ್ಕೆ ಕ್ಷಯಿಸುತ್ತ ಸೀಸವಾಗುತ್ತದೆ. ಅದರ ಅರ್ಧಭಾಗ ಹೀಗೆ ಕ್ಷಯಿಸಲು ಸುಮಾರು ೪೪೭ ಕೋಟಿ ವರ್ಷ ಬೇಕು. ಜ್ವಾಲಾಮುಖಿಯ ಬೂದಿಯಲ್ಲಿ ಸಿಗುವ ಜಿರ್ಕಾನ್ ಹರಳಿನಲ್ಲಿ ಯುರೇನಿಯಮ್ಮೂ ಸೀಸವೂ ಎಷ್ಟೆಷ್ಟಿವೆ ಎಂದು ಅಳೆದರೆ ಹರಳಿನ ವಯಸ್ಸು ತಿಳಿಯುತ್ತದೆ. ಇಂಥ ಬೂದಿ ಪೆರು ದೇಶದ ಬೆಟ್ಟಗಳಲ್ಲಿ, ಜುರಾಸಿಕ್ ಯುಗದ ಆರಂಭದ ಅಮೋನೈಟ್ ಚಿಪ್ಪುಗಳಿರುವ ಪದರಗಳ ನಡುವೆ ದೊರೆಯಿತು. ಅವುಗಳ ಹತ್ತಿರದ ಬಂಧುಗಳು ಡಾರ್ಸೆಟ್ಟಿನ ಬಂಡೆಗಳಲ್ಲಿಯೂ ಇವೆ. ಪೆರುವಿನ ಗಡಿಯಾರವನ್ನು ನೋಡಿ ಇಂಗ್ಲೆಂಡಿನ ಹೊತ್ತನ್ನು ಹೇಳುವ ಈ ಕ್ರಮದಿಂದ, ಜುರಾಸಿಕ್ ಯುಗ ಸುಮಾರು ೨೦ ಕೋಟಿ ವರ್ಷಗಳ ಹಿಂದೆ ಆರಂಭವಾಯಿತೆಂದು ನಿಶ್ಚಯಿಸಲಾಗಿದೆ.

ಪೂರ್ವಕ್ಕೆ ಸಾಗಿದರೆ ಆಕ್ಸ್‌ಮತ್ ಮತ್ತು ಲೈಮ್ ರೀಜಿಸ್ ಊರುಗಳ ನಡುವೆ ಒಂದು ವಿಚಿತ್ರವಾದ ಕಾಡು ಸಿಗುತ್ತದೆ. ೧೮೩೯ರ ಡಿಸೆಂಬರ್ ೨೪ರಂದು, ಕ್ರಿಸ್‌ಮಸ್ ಹಬ್ಬದ ಹಿಂದಿನ ದಿನ, ಇಲ್ಲಿಯ ಹೊಲಗಳ ದೊಡ್ಡದೊಂದು ಭಾಗ ಬುಡದಿಂದಲೇ ಕಡಲ ಕಡೆಗೆ ಜಾರಿತು. ಹಿಂದೆ ಅರ್ಧ ಮೈಲಿಗೂ ಉದ್ದವಾದ ಕಂದರವೊಂದು ಉಳಿಯಿತು. ಜಾರಿದ ತುಂಡಿನ ಮೇಲೆ ಬಿತ್ತಿದ್ದ ಗೋಧಿ ಮಾತ್ರ ಕೆಡದೆ ಬೆಳೆಯಿತು. ಮಾರನೆಯ ವರ್ಷದ ಆಗಸ್ಟ್ ತಿಂಗಳಲ್ಲಿ ಅದರ ಕೊಯ್ಲನ್ನು ನೋಡಲು ಸಾವಿರಾರು ಜನ ನೆರೆದರು. ಆಗ ಅಲ್ಲಿ ಭೂವಿಜ್ಞಾನಿಗಳಾದ ಕಾನಿಬೇರ್ ಮತ್ತು ಬಕ್‌ಲೆಂಡ್ ಎಂಬಿಬ್ಬರು ಪಾದ್ರಿಗಳಿದ್ದುದು ನಮ್ಮ ಭಾಗ್ಯ. ಅವರು ಆ ಕುಸಿತವನ್ನು ವಿವರವಾಗಿ ಪರೀಕ್ಷಿಸಿ ಬರೆದಿಟ್ಟರು. ಕಾರಣ ಸರಳವಾದುದು. ಮೇಲೆ ಸೀಮೆಸುಣ್ಣದ ಶಿಲೆ ಮತ್ತು ಮರಳುಗಲ್ಲು. ಇವು ಮಳೆಯ ನೀರನ್ನು ಹೀರಿ ಕೆಳಕ್ಕೆ ಬಿಡುತ್ತವೆ. ಕೆಳಗೆ ಜೇಡಿ, ಅದು ನೀರನ್ನು ಬಿಡುವುದಿಲ್ಲ. ಎರಡರ ನಡುವೆ ನಿಂತ ನೀರಿನ ಒತ್ತಡ ಮೇಲಿನ ಭಾರದ ಒಂದು ಪಾಲನ್ನು ತಾನೇ ಹೊರತೊಡಗುತ್ತದೆ. ಆಗ ಪದರಗಳು ಒಂದನ್ನೊಂದು ಒತ್ತಿ ಹಿಡಿಯುವ ಬಲ ಕುಗ್ಗಿ, ಅದರೊಡನೆ ಘರ್ಷಣೆಯೂ ಕುಗ್ಗುತ್ತದೆ. ಪದರ ಕಡಲ ಕಡೆಗೆ ಒಂದಿಷ್ಟು ಓರೆಯಾಗಿದ್ದರೆ ಸಾಕು, ಬೆಟ್ಟವೇ ಜಾರುತ್ತದೆ. ಇಂದು ಆ ನೆಲವೆಲ್ಲ ತಾನೇ ತಾನಾಗಿ ಬೆಳೆದ ದಟ್ಟವಾದ ಕಾಡು.

ಇದೇ ಜಾರುವ ನೆಲದ ಅಂಚಿನಲ್ಲಿ ಕುಳಿತಿರುವ ಲೈಮ್ ರೀಜಿಸ್ ಚಿಕ್ಕ ಊರು. ವಿಜ್ಞಾನದ ಚರಿತ್ರೆಯಲ್ಲಿ ಅದರ ಹೆಸರು ದೊಡ್ಡದು. ಇಲ್ಲಿಯ ಬಂಡೆಗಳಿಗೆ ‘ಬ್ಲೂ ಲಯಾಸ್’ ಎಂದು ಹೆಸರು. ನೀಲಿ ಬೂದುಬಣ್ಣದ ಸುಣ್ಣಶಿಲೆ, ಅದರ ಮೇಲೆ ಕಪ್ಪು ಜೇಡಿಶಿಲೆ, ಮತ್ತೆ ಸುಣ್ಣಶಿಲೆ, ಮತ್ತೆ ಜೇಡಿಶಿಲೆ, ಹೀಗೆ ಪಟ್ಟೆಪಟ್ಟೆಯಾಗಿ ಏರುತ್ತವೆ. ಭೂಮಿಯ ಅಕ್ಷದ ಓಲಾಟ ಮತ್ತು ಕಕ್ಷೆಯ ಬದಲಾವಣೆಗಳಿಂದ ಹವಾಮಾನ ಸಾವಿರಾರು ವರ್ಷಗಳಿಗೊಮ್ಮೆ ಏರಿಳಿದುದೇ ಈ ಪಟ್ಟೆಗಳಿಗೆ ಕಾರಣವೆಂದು ಅನೇಕ ವಿದ್ವಾಂಸರ ಮತ. ಅಂದಿನ ಬೆಚ್ಚನೆಯ ಕಡಲಿನ ತಳದ ಕೆಸರಿನಲ್ಲಿ ಆಮ್ಲಜನಕ ತೀರ ಕಡಮೆಯಾಗಿದ್ದುದರಿಂದ ಸತ್ತ ಪ್ರಾಣಿಗಳು ಬೇಗ ಕೊಳೆಯದೆ, ಎಲುಬಿನ ಜೋಡಣೆ ಕೆಡದೆ ಹುದುಗಿದುವು.

ಈ ಊರಿನ ಬಡ ಬಡಗಿಯೊಬ್ಬನ ಮಗಳು ಮೇರಿ ಆನಿಂಗ್. ೧೭೯೯ರಲ್ಲಿ ಹುಟ್ಟಿದವಳು, ಹನ್ನೊಂದು ವರ್ಷಕ್ಕೆ ತಂದೆಯನ್ನು ಕಳೆದುಕೊಂಡಳು. ಬಂಡೆಗಳಿಂದ ಉದುರಿದ ಕಲ್ಲುಚಿಪ್ಪುಗಳನ್ನು ಹೆಕ್ಕಿ, ಊರಿಗೆ ಬರುವ ಪ್ರವಾಸಿಗಳಿಗೆ ಮಾರುವುದು ಆ ಸಂಸಾರಕ್ಕೆ ಹೊಟ್ಟೆಯ ಪಾಡಾಯಿತು. ೧೮೧೧ರಲ್ಲಿ ಅವಳ ಅಣ್ಣ ಜೋಸೆಫ್ ನಾಲ್ಕು ಅಡಿ ಉದ್ದದ ತಲೆಬುರುಡೆಯೊಂದನ್ನು ಕಂಡನು. ಮರುವರ್ಷ ಅದರ ಉಳಿದ ಎಲುಬುಗಳನ್ನು ಮೇರಿ ಪತ್ತೆಹಚ್ಚಿದಳು. ಮೊಸಳೆಯೆಂದು ಭಾವಿಸಿದ್ದ ಆ ಪ್ರಾಣಿ ಮೊಸಳೆಯಲ್ಲ. ಮೀನಿನಾಕಾರದ ಸಮುದ್ರವಾಸಿ ಸರೀಸೃಪ, ಇಕ್ತಿಯೋಸಾರ್. ಊರಿನ ಜಮೀನುದಾರನು ೨೩ ಪೌಂಡು ಕೊಟ್ಟು ಅದನ್ನು ಕೊಂಡನು. ೧೮೨೩ರಲ್ಲಿ ಅವಳು ನೀಳವಾದ ಕೊರಳಿನ ಪ್ಲೀಸಿಯೋಸಾರನ್ನು ಪೂರ್ಣರೂಪದಲ್ಲಿ ಹೊರತೆಗೆದಳು. ಅಷ್ಟು ಉದ್ದದ ಕೊರಳಿರಲು ಸಾಧ್ಯವೇ, ಇದು ಎರಡು ಪ್ರಾಣಿಗಳ ಎಲುಬನ್ನು ಸೇರಿಸಿದ ಮೋಸವಲ್ಲವೇ ಎಂದು ಫ್ರಾನ್ಸಿನ ಮಹಾವಿಜ್ಞಾನಿ ಕುವಿಯೇ ಶಂಕಿಸಿದನು. ಪರಿಶೀಲನೆಯ ತರುವಾಯ ತನ್ನದೇ ತಪ್ಪೆಂದು ಒಪ್ಪಿಕೊಂಡನು. ೧೮೨೪ರ ಫೆಬ್ರವರಿಯಲ್ಲಿ ಲಂಡನ್ನಿನ ಭೂವಿಜ್ಞಾನ ಸಂಘದಲ್ಲಿ ಕಾನಿಬೇರನು ಆ ಪ್ರಾಣಿಯನ್ನು ವರ್ಣಿಸಿದನು. ಅದನ್ನು ಅಗೆದು ತೆಗೆದು ಶುದ್ಧಮಾಡಿದವಳ ಹೆಸರು ಆ ಭಾಷಣದಲ್ಲಿ ಬರಲಿಲ್ಲ. ಆ ಸಂಘ ಸ್ತ್ರೀಯರನ್ನು ಸದಸ್ಯರನ್ನಾಗಿ ಸೇರಿಸಿಕೊಂಡುದು ೧೯೧೯ರಲ್ಲಿ. ಅಷ್ಟರಲ್ಲಿ ಮೇರಿ ತೀರಿಕೊಂಡು ೭೨ ವರ್ಷಗಳಾಗಿದ್ದುವು.

ಅವಳ ಕೆಲಸವೇನು ಮರಳ ದಂಡೆಯ ವಿಹಾರವಲ್ಲ. ಚಳಿಗಾಲದ ಬಿರುಗಾಳಿ ಮಳೆಗಳು ಬಂಡೆಯನ್ನು ಕೆಡವಿದೊಡನೆಯೇ ಹೋಗಬೇಕು. ತಡಮಾಡಿದರೆ ಒಂದೆರಡು ಉಬ್ಬರಗಳಲ್ಲಿ ಅಲೆಗಳು ಎಲುಬುಗಳನ್ನು ಪುಡಿಮಾಡುತ್ತವೆ. ೧೮೩೩ರಲ್ಲಿ ಹೀಗೆಯೇ ಬಂಡೆ ಕುಸಿದು ಅವಳ ಜೊತೆಗಾರನಾಗಿದ್ದ ನಾಯಿ ಅವಳ ಕಣ್ಣೆದುರಿಗೇ ಹೂತುಹೋಯಿತು. ೨೦೨೨ರಲ್ಲಿ ಅವಳ ವಿಗ್ರಹವನ್ನು ಲೈಮ್ ರೀಜಿಸ್ಸಿನಲ್ಲಿ ನಿಲ್ಲಿಸಿದಾಗ ಶಿಲ್ಪಿ ಆ ನಾಯಿಯನ್ನೂ ಮರೆಯಲಿಲ್ಲ.

ಲೈಮ್ ಮತ್ತು ನೆರೆಯ ಚಾರ್ಮತ್ ದಂಡೆಗಳಲ್ಲಿ ಸಾಮಾನ್ಯ ಪ್ರವಾಸಿಯ ಕೈಗೆ ಸಿಗುವುದು ಬಹುಮಟ್ಟಿಗೆ ಅಮೋನೈಟ್. ನಮಗೆ ಇದು ಅಪರಿಚಿತವಾದ ವಸ್ತುವಲ್ಲ. ದೇವರ ಮನೆಯ ಸಾಲಿಗ್ರಾಮವನ್ನು ನೋಡಿರಿ. ನೇಪಾಳದ ಗಂಡಕೀ ನದಿಯ ಆ ಕರಿಯ ಉಂಡೆಗಲ್ಲುಗಳಲ್ಲಿ ಕಾಣುವ ಚಕ್ರ ಜುರಾಸಿಕ್ ಯುಗದ ಅಮೋನೈಟ್ ಚಿಪ್ಪಿನ ಸುರುಳಿಯೇ. ಹಿಮಾಲಯ ಏಳುವುದಕ್ಕೆ ಮೊದಲು ಅಲ್ಲಿ ಕಡಲಿದ್ದುದಕ್ಕೆ ಅದು ಸಾಕ್ಷಿ. ಇಂಗ್ಲೆಂಡಿನ ಹಳ್ಳಿಗರು ಇದೇ ಸುರುಳಿಯನ್ನು ‘ಹಾವುಗಲ್ಲು’ ಎಂದರು. ಉತ್ತರದ ವಿಟ್‌ಬಿಯಲ್ಲಂತೂ ಮಾರುವವರು ಅದಕ್ಕೊಂದು ಹಾವಿನ ಹೆಡೆಯನ್ನೇ ಕೆತ್ತಿಡುತ್ತಿದ್ದರು. ನಿಜಕ್ಕೂ ಅದು ಜಲಾಂತರ್ಗಾಮಿಯಂತಿದ್ದ ಒಂದು ಪ್ರಾಣಿಯ ಮನೆ. ಚಿಪ್ಪಿನೊಳಗಿನ ಸಣ್ಣ ಸಣ್ಣ ಕೋಣೆಗಳಲ್ಲಿ ಅನಿಲ ತುಂಬಿರುತ್ತಿದ್ದಿತು. ಅದರಿಂದ ಪ್ರಾಣಿ ಮುಳುಗದೆ, ಮೇಲಕ್ಕೂ ಚಿಮ್ಮದೆ ನೀರಿನಲ್ಲಿ ತೇಲುತ್ತಿದ್ದಿತು. ದಕ್ಷಿಣ ಕರ್ನಾಟಕದ ನೆಲದ ಬಹುಭಾಗ ೨೫೦ ಕೋಟಿ ವರ್ಷಗಳಿಗೂ ಹಿಂದಿನ ಶಿಲೆಯಾದುದರಿಂದ ಅಲ್ಲಿ ಅಮೋನೈಟನ್ನು ಹುಡುಕಿ ಫಲವಿಲ್ಲ. ಆಗ ಪ್ರಾಣಿಗಳೇ ಹುಟ್ಟಿರಲಿಲ್ಲ. ಗುಜರಾತಿನ ಕಚ್ಛ್ ಪ್ರದೇಶದಲ್ಲಿ ಮಾತ್ರ ಡಾರ್ಸೆಟ್ಟಿನ ಸಮಕಾಲೀನ ಪದರಗಳಿವೆ. ಅಲ್ಲಿ ದೊರೆತ, ಸುಮಾರು ಐದೂವರೆ ಮೀಟರ್ ಉದ್ದದ ಇಕ್ತಿಯೋಸಾರಿನ ವರದಿ ೨೦೧೭ರಲ್ಲಿ ಪ್ರಕಟವಾಯಿತು.

ಲೈಮ್ ರೀಜಿಸ್ಸಿನ ಜನರಿಗೆ ಇಲ್ಲಿ ಒಂದು ಧರ್ಮಸಂಕಟವುಂಟು. ಬಂಡೆ ಕುಸಿದರೆ ಪಳೆಯುಳಿಕೆ ಸಿಗುತ್ತದೆ, ಆದರೆ ಮನೆ ಹೋಗುತ್ತದೆ. ಗೋಡೆ ಕಟ್ಟಿದರೆ ಮನೆ ಉಳಿಯುತ್ತದೆ, ಆದರೆ ಆ ಬಂಡೆ ಇನ್ನು ಏನನ್ನೂ ಹೇಳುವುದಿಲ್ಲ. ೧೯೯೦ರ ದಶಕದಿಂದ ೨೦೧೪ರವರೆಗೆ ಹಂತಹಂತವಾಗಿ ಊರಿನ ಮುಂದೆ ಕಡಲ ಗೋಡೆಗಳನ್ನು ಕಟ್ಟಿ ಇಳಿಜಾರುಗಳನ್ನು ಬಿಗಿಪಡಿಸಲಾಯಿತು. ಊರಿನ ಆಚೆಗಿನ ಬಂಡೆಗಳನ್ನು ಸಮುದ್ರಕ್ಕೆ ಬಿಡಲಾಯಿತು. ಮನುಷ್ಯರು ವಾಸಿಸುವ ಕಡೆ ಮನುಷ್ಯರಿಗೆ ಮೊದಲ ಮನ್ನಣೆ ಸಲ್ಲಬೇಕಾದುದರಿಂದ ಈ ಹಂಚಿಕೆ ನ್ಯಾಯವೆಂದೇ ನನಗೆ ತೋರುತ್ತದೆ. ಪಳೆಯುಳಿಕೆಗಳ ವಿಷಯದಲ್ಲಿಯೂ ಹೀಗೊಂದು ವಿವೇಕದ ಕಟ್ಟಳೆಯನ್ನು ಮಾಡಿಕೊಂಡಿದ್ದಾರೆ. ದಂಡೆಗೆ ಬಿದ್ದುದನ್ನು ಹೆಕ್ಕಬಹುದು, ಬಂಡೆಯನ್ನು ಅಗೆಯಬಾರದು. ಶಾಸ್ತ್ರಕ್ಕೆ ಮುಖ್ಯವಾದುದು ಸಿಕ್ಕರೆ ಚಾರ್ಮತ್ತಿನ ಕೇಂದ್ರದಲ್ಲಿ ದಾಖಲುಮಾಡಿಸಬೇಕು. ಎಲ್ಲವನ್ನೂ ನಿಷೇಧಿಸಿದ್ದರೆ ಅಲೆಗಳು ಮಾತ್ರ ಸಂಗ್ರಹಿಸುತ್ತಿದ್ದುವು. ಬಂಡೆಯ ಬುಡದಲ್ಲಿ ಮಾತ್ರ ಎಂದಿಗೂ ನಿಲ್ಲಬಾರದು. ೨೦೧೨ರ ಜುಲೈಯಲ್ಲಿ, ಇಲ್ಲಿಂದ ಪೂರ್ವಕ್ಕಿರುವ ಬರ್ಟನ್ ಬ್ರಾಡ್‌ಸ್ಟಾಕ್‌ನಲ್ಲಿ ಹೀಗೆಯೇ ಕುಸಿದ ಬಂಡೆ ಒಂದು ಜೀವವನ್ನು ತೆಗೆದುಕೊಂಡಿತು.

ಚಾರ್ಮತ್ ದಾಟಿದ ಮೇಲೆ ಗೋಲ್ಡನ್ ಕ್ಯಾಪ್ ಎಂಬ ಗುಡ್ಡ ೧೯೧ ಮೀಟರ್ ಎತ್ತರಕ್ಕೆ ಏಳುತ್ತದೆ. ಇಂಗ್ಲೆಂಡಿನ ದಕ್ಷಿಣ ತೀರದಲ್ಲಿ ಇದಕ್ಕಿಂತ ಎತ್ತರವಾದ ಎಡೆಯಿಲ್ಲ. ನೆತ್ತಿಯ ಹಳದಿ ಮರಳುಗಲ್ಲೇ ಅದರ ಹೆಸರಿಗೆ ಕಾರಣ. ಒಳನಾಡಿನಲ್ಲಿ ಸುತ್ತುವವರು ಗ್ರಾಮಗಳ ಮನೆಗಳನ್ನು ಗಮನಿಸಬೇಕು. ನೆಲದ ಶಿಲೆ ಬದಲಾದಂತೆ ಗೋಡೆಗಳ ಬಣ್ಣವೂ ಬದಲಾಗುತ್ತದೆ. ಪೂರ್ವದ ಕಾರ್ಫ್ ಗ್ರಾಮದ ಪಾಳುಕೋಟೆಯೂ ಅದರ ಕೆಳಗಿನ ಮನೆಗಳೂ ಬೂದುಬಣ್ಣದ ಪರ್ಬೆಕ್ ಸುಣ್ಣಶಿಲೆಯವು. ಅದೇ ನೆಲದ ಒಂದು ತೆಳುಪದರವೆಲ್ಲ ಸಿಹಿನೀರಿನ ಬಸವನಹುಳುಗಳ ಚಿಪ್ಪು. ನಯಗೊಳಿಸಿದರೆ ಅಮೃತಶಿಲೆಯಂತೆ ಹೊಳೆಯುವ ಆ ಕಲ್ಲು ವೆಸ್ಟ್‌ಮಿನ್‌ಸ್ಟರ್ ಆಬೆಯ ಕಂಬಗಳಾಗಿ ನಿಂತಿದೆ.

ವೆಸ್ಟ್ ಬೇ ಊರಿನಿಂದ ಪೋರ್ಟ್‌ಲಂಡ್ ದ್ವೀಪದವರೆಗೆ ಚೆಸಿಲ್ ದಂಡೆ. ಹದಿನೆಂಟು ಮೈಲಿ ಉದ್ದದ ಈ ದಂಡೆ ಬರಿಯ ಉರುಟುಗಲ್ಲುಗಳ ರಾಶಿ. ಪಶ್ಚಿಮದ ತುದಿಯಲ್ಲಿ ಕಲ್ಲುಗಳು ಬಟಾಣಿಯಷ್ಟು, ಪೂರ್ವದಲ್ಲಿ ಮುಷ್ಟಿಯಷ್ಟು. ಕತ್ತಲಲ್ಲಿ ದಡಸೇರಿದ ಬೆಸ್ತರು ಒಂದು ಹಿಡಿ ಕಲ್ಲನ್ನು ಸವರಿ ನೋಡಿಯೇ ತಾವಿರುವ ಎಡೆಯನ್ನು ಹೇಳುತ್ತಿದ್ದರೆಂದು ಪ್ರತೀತಿ. ನೈರುತ್ಯದಿಂದ ಬರುವ ಬಲವಾದ ಅಲೆಗಳು ದೊಡ್ಡದು ಚಿಕ್ಕದೆನ್ನದೆ ಎಲ್ಲವನ್ನೂ ಪೂರ್ವಕ್ಕೆ ತಳ್ಳುತ್ತವೆ. ಎದುರು ದಿಕ್ಕಿನ ದುರ್ಬಲ ಅಲೆಗಳಿಗೆ ಚಿಕ್ಕವನ್ನು ಮಾತ್ರ ಹಿಂದಕ್ಕೆ ತರುವ ಶಕ್ತಿಯುಂಟು. ಕೇರುವ ಮೊರದಲ್ಲಿ ನಡೆಯುವಂಥದೇ ವಿಂಗಡಣೆ. ಪೋರ್ಟ್‌ಲಂಡಿನ ಬಿಳಿಯ ಸುಣ್ಣಶಿಲೆಯಿಂದಲೇ ಕ್ರಿಸ್ಟಫರ್ ರೆನ್ ಲಂಡನ್ನಿನ ಸಂತ ಪಾಲರ ಮಹಾದೇವಾಲಯವನ್ನು ಕಟ್ಟಿಸಿದನು.

ಭೌತಶಾಸ್ತ್ರದ ವಿದ್ಯಾರ್ಥಿ ತಪ್ಪದೆ ನಿಲ್ಲಬೇಕಾದ ಎಡೆ ಲಲ್‌ವರ್ತ್. ಆಫ್ರಿಕ ಯೂರೋಪುಗಳ ಒತ್ತಾಟದಲ್ಲಿ ಆಲ್ಪ್ಸ್ ಪರ್ವತಗಳೆದ್ದ ಕಾಲದಲ್ಲಿ ಅದರ ದೂರದ ನೂಕಿಗೆ ಸಿಕ್ಕಿ ಇಲ್ಲಿಯ ಪದರಗಳು ಬಹುಮಟ್ಟಿಗೆ ನೆಟ್ಟಗೆ ನಿಂತುಬಿಟ್ಟಿವೆ. ಕಡಲಿಗೆ ಎದುರಾಗಿ ಗಟ್ಟಿಯಾದ ಸುಣ್ಣಶಿಲೆಯ ಗೋಡೆ. ಹಿಂದೆ ಮೆತ್ತನೆಯ ಜೇಡಿ ಮತ್ತು ಮರಳು. ಅದರ ಹಿಂದೆ ಸೀಮೆಸುಣ್ಣದ ಬೆಟ್ಟ. ಗೋಡೆಯಲ್ಲಿ ಒಂದು ಕಂಡಿ ಬಿದ್ದರೆ ಸಾಕು, ಒಳನುಗ್ಗಿದ ಅಲೆಗಳು ನೇರವಾಗಿ ಸಾಗದೆ ಬೀಸಣಿಗೆಯಂತೆ ಹರಡುತ್ತವೆ. ಪ್ರಯೋಗಶಾಲೆಯ ನೀರಿನ ತೊಟ್ಟಿಯಲ್ಲಿ, ಸಣ್ಣ ಕಿಂಡಿಯೊಂದರ ಮೂಲಕ ಹಾಯುವ ಅಲೆಗಳು ವರ್ತುಲಾಕಾರವಾಗಿ ಹರಡುವುದನ್ನು ತೋರಿಸಿ ನಾವು ವಿವರ್ತನೆಯೆಂಬ ಪಾಠವನ್ನು ಹೇಳುತ್ತೇವಲ್ಲವೇ? ಇಲ್ಲಿ ಅದೇ ಪಾಠವನ್ನು ಕಡಲು ನೆಲದ ಮೇಲೆ ಬರೆದಿದೆ. ಮೆತ್ತನೆಯ ಮಣ್ಣನ್ನು ಸುತ್ತಲೂ ತೋಡಿ, ಲಾಳದಾಕಾರದ ಕೊಲ್ಲಿಯೊಂದನ್ನು ಕಡೆದಿಟ್ಟಿದೆ. ಇದಕ್ಕೆ ತಗುಲಿದಂತೆ ಪಶ್ಚಿಮಕ್ಕೆ ‘ಸ್ಟೇರ್ ಹೋಲ್’ ಎಂಬಲ್ಲಿ ಗೋಡೆ ಈಗತಾನೆ ತೂತಾಗಿ ತೋಡುವಿಕೆ ಆರಂಭವಾಗಿದೆ. ಇನ್ನೂ ಪಶ್ಚಿಮಕ್ಕೆ ‘ಡರ್ಡಲ್ ಡೋರ್’ನಲ್ಲಿ ಗೋಡೆಯ ಬಹುಭಾಗ ಹೋಗಿ, ಒಂದು ಕಮಾನು ಮಾತ್ರ ನೀರಿನಲ್ಲಿ ಕಾಲೂರಿ ನಿಂತಿದೆ. ಒಂದೇ ತೀರದ ಬಾಲ್ಯ, ಯೌವನ, ಮುಪ್ಪುಗಳನ್ನು ಒಂದೇ ಮಧ್ಯಾಹ್ನದ ನಡಿಗೆಯಲ್ಲಿ ನೋಡಿಬಿಡಬಹುದು. ಆ ಕಮಾನೂ ಒಂದು ದಿನ ಬೀಳುವುದೇ.

ಮುಂದಿನ ಕಿಮರಿಜ್ ಕೊಲ್ಲಿಯ ಕಪ್ಪು ಜೇಡಿಶಿಲೆಯಲ್ಲಿ ಎಣ್ಣೆಯ ಅಂಶವುಂಟು. ೨೦೨೨ರಲ್ಲಿ ಅದರ ಸಮೀಪದ ದಂಡೆಯಲ್ಲಿ ನಡೆಯುತ್ತಿದ್ದವರೊಬ್ಬರಿಗೆ ದೊಡ್ಡ ಮೂತಿಯ ತುಂಡೊಂದು ಸಿಕ್ಕಿತು. ಉಳಿದುದೆಲ್ಲಿ ಎಂದು ಹುಡುಕಿದಾಗ ಅದು ಕಡಿದಾದ ಬಂಡೆಯಲ್ಲಿ, ನೆಲಕ್ಕೂ ನೆತ್ತಿಗೂ ನಡುವೆ ಸಿಲುಕಿಕೊಂಡಿದ್ದುದು ಕಂಡಿತು. ಪರಿಣತರು ಮೇಲಿನಿಂದ ಹಗ್ಗಕಟ್ಟಿಕೊಂಡು ಇಳಿದು, ನೇತಾಡುತ್ತಲೇ ಕೆತ್ತಿ, ಎರಡು ಮೀಟರ್ ಉದ್ದದ ತಲೆಬುರುಡೆಯನ್ನು ಹೊರತೆಗೆದರು. ಸುಮಾರು ೧೫ ಕೋಟಿ ವರ್ಷಗಳ ಹಿಂದಿನ ಪ್ಲಯೋಸಾರ್ ಎಂಬ ಬೇಟೆಗಾರ ಪ್ರಾಣಿಯದು ಅದು. ಬಂಡೆ ಸವೆಯದಿದ್ದರೆ ಅದರ ಇರವೇ ತಿಳಿಯುತ್ತಿರಲಿಲ್ಲ. ಹಾಗೆಯೇ ಬಿಟ್ಟಿದ್ದರೆ ಬಂಡೆಯೊಡನೆ ಕಡಲ ಪಾಲಾಗುತ್ತಿದ್ದಿತು.

ಪೂರ್ವದ ಕೊನೆಯಲ್ಲಿ ಓಲ್ಡ್ ಹ್ಯಾರಿ ಬಂಡೆಗಳು ನೀರಿನ ನಡುವೆ ಬೆಳ್ಳಗೆ ನಿಂತಿವೆ. ಇವು ಕ್ರಿಟೇಶಿಯಸ್ ಯುಗದ ಸೀಮೆಸುಣ್ಣ. ಬರಿಗಣ್ಣಿಗೆ ಕಾಣದಷ್ಟು ಸೂಕ್ಷ್ಮವಾದ ಕಡಲ ಪಾಚಿಗಳ ಸುಣ್ಣದ ಕವಚಗಳು ಕೋಟಿಗಟ್ಟಲೆ ವರ್ಷ ತಳಕ್ಕಿಳಿದು ಶೇಖರವಾದುದು. ಓಲ್ಡ್ ಹ್ಯಾರಿಯ ಪಕ್ಕದಲ್ಲಿ ಅವನ ‘ಹೆಂಡತಿ’ ಎಂದು ಜನರು ಕರೆಯುತ್ತಿದ್ದ ಇನ್ನೊಂದು ಕಂಬವಿದ್ದಿತು. ೧೮೯೬ರಲ್ಲಿ ಅದು ಮುರಿದುಬಿದ್ದು ಈಗ ಮೋಟು ಮಾತ್ರ ಉಳಿದಿದೆ. ಆಕಾಶ ತಿಳಿಯಾಗಿರುವ ದಿನ ಇಲ್ಲಿ ನಿಂತು ಪೂರ್ವಕ್ಕೆ ನೋಡಿದರೆ ಕಡಲಾಚೆ ವೈಟ್ ದ್ವೀಪದ ‘ನೀಡಲ್ಸ್’ ಎಂಬ ಬಿಳಿಯ ಬಂಡೆಗಳು ಕಾಣುತ್ತವೆ. ಅವೂ ಇದೇ ಸೀಮೆಸುಣ್ಣ. ಒಂದು ಕಾಲದಲ್ಲಿ ಎರಡನ್ನೂ ಒಂದೇ ಬೆಟ್ಟದ ಸಾಲು ಜೋಡಿಸಿದ್ದಿತು. ನಡುವಿನದನ್ನು ಸಮುದ್ರ ತಿಂದುಹಾಕಿದೆ.