ಸಿಂಪರಣಾ ಯಂತ್ರದ ಚಾರ್ಜರ್ ಸುಟ್ಟರೆ

ಬೆಳೆಗೆ ಕೀಟ ಬಿದ್ದ ಹೊತ್ತಿನಲ್ಲೇ ಬ್ಯಾಟರಿ ಸಿಂಪರಣಾ ಯಂತ್ರದ ಚಾರ್ಜರ್ ಸುಟ್ಟಿತೆಂದು, ಪಿನ್ನು ಹೊಂದುವ ಯಾವುದನ್ನೋ ಕೊಳ್ಳಬೇಡಿ. ಹಳೆಯದನ್ನು ಅಂಗಡಿಗೆ ಒಯ್ಯಿರಿ. ಅದರ ಮೇಲೆ ನಮೂದಿಸಿದ ಔಟ್‌ಪುಟ್ ವೋಲ್ಟ್, ಆಂಪಿಯರ್, ಪಿನ್ನಿನ ಪ್ಲಸ್-ಮೈನಸ್ ಮೂರೂ ತಾಳೆಯಾಗಬೇಕು.

ಎಲ್ಲಕ್ಕಿಂತ ಮುಖ್ಯವಾಗಿ ಬ್ಯಾಟರಿಯ ಜಾತಿ ನೋಡಿರಿ. ಎರಡಕ್ಕೂ 12 ವೋಲ್ಟ್ ಎಂದೇ ಹೇಳುವುದುಂಟು. ಆದರೆ ಲೆಡ್-ಆಸಿಡ್ ಚಾರ್ಜರ್ 14 ವೋಲ್ಟ್ ದಾಟುತ್ತದೆ, ಮೂರು ಸೆಲ್‌ಗಳ ಲಿಥಿಯಂ-ಅಯಾನ್ ಬ್ಯಾಟರಿ 12.6ಕ್ಕೇ ತುಂಬುತ್ತದೆ. ಅದಕ್ಕೆ ಇದನ್ನು ಹಚ್ಚಿದರೆ ಬೆಂಕಿ ಹೊತ್ತಿಕೊಳ್ಳಬಹುದು.

'ಆಂಪಿಯರ್ ಹೆಚ್ಚಿದ್ದರೆ ಬೇಗ ಚಾರ್ಜ್ ಆಗುತ್ತದೆ' ಎಂಬ ಅಂಗಡಿಯ ಮಾತಿಗೂ ಮರುಳಾಗಬೇಡಿ. 8 ಆಂಪಿಯರ್-ಅವರ್‌ನ ಲೆಡ್-ಆಸಿಡ್ ಬ್ಯಾಟರಿಗೆ 1.7 ಆಂಪಿಯರ್ ಧಾರಾಳ. ಹೊಸದನ್ನು ಮೊದಲ ಸಲ ಹಚ್ಚಿದಾಗ ಹತ್ತಿರವೇ ಇರಿ. ಬ್ಯಾಟರಿ ತೀರ ಬಿಸಿಯಾದರೆ, ಉಬ್ಬಿದರೆ, ಕೂಡಲೇ ಗೋಡೆಯ ಸ್ವಿಚ್ ಆರಿಸಿರಿ.