ಫ್ಲ್ಯಾಪ್ ಇಳಿಸಿ ಸೈಡ್‌ಸ್ಲಿಪ್ ಮಾಡಬಹುದೇ?

ಕಿಣ್ಣಿ ಸುಲ್ತಾನದಿಂದ ಬರೆದಿರುವ ತಮ್ಮಾ, ಫ್ಲ್ಯಾಪ್ ಇಳಿಸಿ ಸೈಡ್‌ಸ್ಲಿಪ್ ಮಾಡಿದರೆ ವಿಮಾನ ಬಿದ್ದೇಬಿಡುತ್ತದೆ ಎಂದು ಗೆಳೆಯರು ಹೆದರಿಸಿದ್ದಾರಂತೆ. ಅಷ್ಟೇನಿಲ್ಲ. ಹಾಗಂತ ಪೂರ್ತಿ ಸುಳ್ಳೂ ಅಲ್ಲ.

ನೀನು ಹಾರಿಸುವ ಸೆಸ್ನಾ 172ರಲ್ಲಿ ಫ್ಲ್ಯಾಪ್ ರೆಕ್ಕೆಯ ಹಿಂದಿನ ಗಾಳಿಯನ್ನು ಕೆಳಕ್ಕೆ ತಳ್ಳುತ್ತದೆ. ರಡ್ಡರ್ ಒತ್ತಿ ಓರೆಯಾಗಿ ಜಾರಿಸಿದಾಗ ಆ ಗಾಳಿ ಬಾಲಕ್ಕೆ ತಾಗುವ ರೀತಿಯೇ ಬದಲಾಗುತ್ತದೆ. ಎಲಿವೇಟರ್ ಅಲುಗಾಡಬಹುದು, 40 ಡಿಗ್ರಿ ಫ್ಲ್ಯಾಪ್‌ನ ಹಳೆಯ ಮಾದರಿಗಳಲ್ಲಿ ಮೂಗು ತಟ್ಟನೆ ಕೆಳಗೆ ಬಾಗಿದ್ದೂ ಉಂಟು. 172ಎಸ್ ಕೈಪಿಡಿ 20 ಡಿಗ್ರಿ ಮೀರಿದ ಫ್ಲ್ಯಾಪ್‌ನಲ್ಲಿ ಕಡಿದಾದ ಸ್ಲಿಪ್ ಬೇಡ ಎನ್ನುತ್ತದೆ. ಅದು ನಿಷೇಧವಲ್ಲ, ಎಚ್ಚರಿಕೆ. ನೆಲದ ಸಮೀಪ ಅದನ್ನು ಪರೀಕ್ಷಿಸಲು ಹೋಗಬೇಡ.

ನನಗೆ ಹೆಚ್ಚು ಭಯ ವೇಗದ್ದು. ಸ್ಟ್ಯಾಟಿಕ್ ರಂಧ್ರ ಎಡಮಗ್ಗುಲಲ್ಲಿರುವುದರಿಂದ ಸ್ಲಿಪ್‌ನಲ್ಲಿ ವೇಗಮಾಪಕ ತಪ್ಪು ತೋರಿಸುತ್ತದೆ. ಅದನ್ನೇ ನಂಬಿ ಮೂಗೆತ್ತಿದರೆ ಸ್ಟಾಲ್ ದೂರವಿಲ್ಲ. ಇಂಧನ ತಳ ಕಂಡಿದ್ದರೆ ಎಂಜಿನ್ನೂ ಕೈಕೊಟ್ಟೀತು.

ಕಲಬುರಗಿಯ ರನ್‌ವೇ ಮೂರು ಕಿಲೋಮೀಟರಿಗೂ ಉದ್ದ. ಅಲ್ಲಿ ಎತ್ತರ ಕಳೆಯಲು ಸ್ಲಿಪ್‌ನ ಸಾಹಸವೇಕೆ? ಎತ್ತರ ಹೆಚ್ಚಾಯಿತೆಂದರೆ ಗೋ-ಅರೌಂಡ್ ಮಾಡಿ ಮತ್ತೆ ಬಾ. ಆದರೂ ಸ್ಲಿಪ್ ಕಲಿಯಲೇಬೇಕು. ಎಂಜಿನ್ ನಿಂತು ತೊಗರಿ ಹೊಲದಲ್ಲಿ ಇಳಿಯಬೇಕಾದರೆ ಅದೇ ಆಸರೆ. ಬೋಧಕರ ಜತೆ, ಸಾಕಷ್ಟು ಎತ್ತರದಲ್ಲಿ, ಮೊದಲು ಫ್ಲ್ಯಾಪ್ ಇಲ್ಲದೆ ಅಭ್ಯಾಸ ಮಾಡು.